ಅಕ್ಕ ಕೇಳಿದ ಬಿಸಿಲು

"ಗಂಗಾ, ಒಂದೀಟ ಅಂಗಳದಾಗ ಬಿಸಲಿಗೆ ನಿಂತು ಬಾ" ಎಂದು ಅಕ್ಕ ಕೇಳಿದಾಗ ನನಗೆ ಅರ್ಥವಾಗಲಿಲ್ಲ.

ಬೆಲ್ಲದ ಬಾಗೇವಾಡಿಯ ಅವಳ ಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಬಿದ್ದಿತ್ತು. ಅನ್ನನಾಳದ ಕ್ಯಾನ್ಸರಿಗೆ ಡಾಕ್ಟರು ಅವಳಿಗೆ ಬೆಳಕು ತಾಗಿದರೆ ಕೆರಳುವ ಬಣ್ಣದ ಔಷಧಿ ಚುಚ್ಚಿ, ಎರಡು ದಿನ ಬಿಟ್ಟು ಗಂಟಲೊಳಗೆ ಸಣ್ಣ ನಳಿಗೆ ಇಳಿಸಿ, ಕೆಂಪು ಬೆಳಕಿನಿಂದ ಗಡ್ಡೆಯನ್ನು ಸುಟ್ಟಿದ್ದರು. ಆ ಔಷಧಿ ಮೈಯಿಂದ ಇಳಿಯುವವರೆಗೆ, ಒಂದು ತಿಂಗಳಾದರೂ, ಬಿಸಿಲು ಬಿದ್ದರೆ ಚರ್ಮವೂ ಸುಡುತ್ತದಂತೆ. ಮದುವೆಯಾದಾಗಿನಿಂದ ಹೊಲದಲ್ಲೇ ದುಡಿದವಳು ಹದಿನೆಂಟು ದಿನದಿಂದ ಹೊಸ್ತಿಲು ದಾಟಿರಲಿಲ್ಲ.

ಆದರೂ ನಾನು ಹೊರಗೆ ಹೋಗಿ ಮೈಕೈ ಚೆನ್ನಾಗಿ ಕಾಯುವವರೆಗೆ ನಿಂತು ಬಂದೆ. ಅಕ್ಕ ನನ್ನ ಎರಡೂ ಅಂಗೈಗಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಹೊಲಕ್ಕ ಹೋಗಿ ಬಂದಂಗಾತು ನೋಡ" ಎಂದಳು.

ಕೈ ತಣ್ಣಗಾದ ಮೇಲೆ ಮತ್ತೆ ಕಳಿಸಿದಳು. ಹಾಗೆ ಮೂರು ಸಲ ಹೋಗಿ ಬಂದೆ. ಮೂರನೆಯ ಸಲ ಇಬ್ಬರೂ ಅತ್ತೆವು.

ಈಗ ಅಕ್ಕ ಮೆತ್ತಗೆ ನೆನೆಸಿದ ರೊಟ್ಟಿ ನುಂಗುತ್ತಾಳೆ, ಹೊಲಕ್ಕೂ ಹೋಗುತ್ತಾಳೆ. ನಾನು ಮಾತ್ರ ಇಂದಿಗೂ ಗೋಕಾಕದ ಬಸ್ಸಿನಲ್ಲಿ, ಎಲ್ಲರೂ ಬಿಟ್ಟು ಸರಿಯುವ ಬಿಸಿಲಿನ ಬದಿಯ ಸೀಟನ್ನೇ ಹುಡುಕಿ ಕೂರುತ್ತೇನೆ.