ಪ್ಲೇಟಿನ ಮೇಲೆ ಬೀಗದ ಕೈ

ಛಾಯಾಚಿತ್ರದ ಸಾಮಾನು ಮಾರುವ ಆ ಅಂಗಡಿಯ ಟಪಾಲನ್ನೆಲ್ಲ ಒಡೆಯುತ್ತಿದ್ದವಳು ಮಾಲೀಕರ ಅಣ್ಣನ ಮಗಳು. ಉತ್ತರ ಬರೆಯುವವಳೂ, ಸಾಮಾನು ಕಟ್ಟಿ ಕಳಿಸುವವಳೂ ಅವಳೇ. ದೂರುಗಳಿಗೆ ಅವಳು ಕೊಡುತ್ತಿದ್ದ ಉತ್ತರಗಳನ್ನು ಓದಿ ಚಿಕ್ಕಪ್ಪ ಅವಳನ್ನು ಜಡ್ಜಮ್ಮ ಎಂದು ಕರೆಯುತ್ತಿದ್ದರು. ಲಕೋಟೆ ಮೂಸಿಯೇ ಅದು ಯಾವ ಸ್ಟುಡಿಯೊದ್ದೆಂದು ಹೇಳಬಲ್ಲೆನೆಂಬ ಜಂಬ ಅವಳಿಗಿತ್ತು. ಎಷ್ಟೋ ಸಲ ಅದು ನಿಜವೂ ಆಗುತ್ತಿತ್ತು.

ಸಣ್ಣ ಸ್ಟುಡಿಯೊಗಳು ಚಿತ್ರ ಹಿಡಿಯುವ ಗಾಜಿನ ಪ್ಲೇಟುಗಳನ್ನು ಅರ್ಧ ಡಜನ್ ಮಾತ್ರ ಕೊಳ್ಳುತ್ತಿದ್ದವು. ಅವರಿಗಾಗಿ ಅವಳು ಹಿಂದಿನ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಬೆಳಕಿನಲ್ಲಿ, ಕಂಪನಿಯ ಪೆಟ್ಟಿಗೆ ಬಿಚ್ಚಿ ಆರಾರು ಪ್ಲೇಟುಗಳನ್ನು ಕಪ್ಪು ಕಾಗದದಲ್ಲಿ ಸುತ್ತುತ್ತಿದ್ದಳು. ಪ್ಲೇಟಿಗೆ ಕೆಂಪು ಬೆಳಕು ತಟ್ಟದು. ಕೆಲಸಕ್ಕೆ ಕುಳಿತ ಮೊದಲ ದಿನವೇ ಕಲಿತ ಪಾಠವದು.

ಆ ವರ್ಷ ಎಲ್ಲ ಬಣ್ಣಗಳನ್ನೂ ಹಿಡಿಯುವ ಹೊಸ ಪ್ಲೇಟು ಬಂದಿತು. ಮೊದಲು ತರಿಸಿಕೊಂಡವರು ಗುಡ್ಡದಾಚೆಯ ಸ್ಟುಡಿಯೊದವರು. ಬೆಳಕು ತಗುಲಿದಂತೆ ಪ್ಲೇಟೆಲ್ಲ ಕಪ್ಪಾಗಿ ಮದುವೆಯ ಒಂದು ಚಿತ್ರವೂ ಉಳಿಯಲಿಲ್ಲವೆಂದು ಅವರು ದೂರು ಬರೆದರು. ತಮ್ಮ ಕೋಣೆಯ ಬಾಗಿಲ ಸಂದಿಗಳನ್ನು ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು ಎಂದು ಅವಳು ಉತ್ತರಿಸಿದಳು. ಎರಡನೆಯ ಪೊಟ್ಟಣದ ಗತಿಯೂ ಅದೇ ಆಯಿತು. ಈ ಸಲದ ಕಾಗದದಲ್ಲಿ ಕೋಪವಿರಲಿಲ್ಲ. ಪೊಟ್ಟಣದೊಳಗಿನ ಕಂಪನಿಯ ಸೂಚನೆಯಂತೆ ಕೆಂಪು ದೀಪವನ್ನೂ ಆರಿಸಿಯೇ ರಸಾಯನದಲ್ಲಿ ತೊಳೆದೆ, ಕ್ಯಾಮೆರಾಕ್ಕೆ ಹಾಕದ ಪ್ಲೇಟೂ ಕಪ್ಪೇ. ಊರಿನವರಿಗೆ ನನ್ನ ಕೈಮೇಲೆ ನಂಬಿಕೆ ಹೋಗಿದೆ, ತಿಂಗಳ ಕೊನೆಗೆ ಕ್ಯಾಮೆರಾ ಮಾರಿ ಭಾವನ ಮಿಲ್ಲಿಗೆ ಸೇರುತ್ತೇನೆ ಎಂದಿತ್ತು.

ಆ ಸೂಚನೆಯ ಚೀಟಿಯನ್ನು ಪೊಟ್ಟಣಕ್ಕೆ ಮಡಿಸಿ ಇಟ್ಟವಳು ಅವಳೇ, ಓದದೆ.

ಅವಳು ಕತ್ತಲೆ ಕೋಣೆಗೆ ಹೋಗಿ ಹೊಸ ಪ್ಲೇಟೊಂದನ್ನು ಕೆಂಪು ದೀಪದ ಕೆಳಗಿಟ್ಟು, ಅದರ ಮೇಲೆ ಅಂಗಡಿಯ ಬೀಗದ ಕೈ ಇರಿಸಿದಳು. ಆರು ಪ್ಲೇಟು ಸುತ್ತುವಷ್ಟು ಹೊತ್ತು ಕಾದು, ದೀಪ ಆರಿಸಿ ತೊಳೆದಳು. ಕಪ್ಪು ಗಾಜಿನ ನಡುವೆ ಬೀಗದ ಕೈಯ ಆಕಾರವಷ್ಟೇ ತಿಳಿಯಾಗಿ ಉಳಿದಿತ್ತು.

ಚಿಕ್ಕಪ್ಪ ಅದನ್ನು ಕಿಟಕಿಗೆ ಹಿಡಿದು ನೋಡಿದರು. "ಬೇರೆ ಪೆಟ್ಟಿಗೆ ಕಳಿಸಿ, ಕಂಪನಿ ತಪ್ಪು ಅಂತ ಬರೆದುಬಿಡಮ್ಮ. ಅವರಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗಿದೆಯಲ್ಲ, ಚಿಕ್ಕಪ್ಪ."

"ಜಡ್ಜಮ್ಮನೇ ಕಟಕಟೆ ಹತ್ತಿದ್ರೆ ತೀರ್ಪು ಕೊಡೋರು ಯಾರು?"

"ಅವರೇ ಕೊಡ್ಲಿ."

ಬಿಚ್ಚದ ಪೆಟ್ಟಿಗೆಯ ಜೊತೆಗೆ ಆ ಪ್ಲೇಟನ್ನೂ ಹತ್ತಿಯಲ್ಲಿ ಸುತ್ತಿ ಕಳಿಸಿದಳು. ತಮ್ಮ ಕೋಣೆಯಲ್ಲಿ ದೋಷವಿಲ್ಲ, ಬೆಳಕು ಬಿದ್ದದ್ದು ನನ್ನ ಕೈಯಲ್ಲಿ, ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸಬಹುದು ಎಂದು ಬರೆದು, ಅಂಗಡಿಯ ಮುದ್ರೆಯ ಬದಲು ತನ್ನ ರುಜು ಹಾಕಿದಳು.

ಮರುಟಪಾಲಿನಲ್ಲಿ ಏನೂ ಬರಲಿಲ್ಲ. ತಿಂಗಳು ಮುಗಿಯುತ್ತ ಬಂದಾಗ ಒಂದು ದಪ್ಪ ಲಕೋಟೆ ಬಂತು. ಒಳಗೆ ಮತ್ತೆ ಸಿಂಗರಿಸಿಕೊಂಡು ನಿಂತ ಮದುಮಕ್ಕಳ ಚಿತ್ರವಿತ್ತು. ನಿಮ್ಮ ಕಾಗದವನ್ನು ಸ್ಟುಡಿಯೊದ ಬಾಗಿಲಿಗೇ ಅಂಟಿಸಿದ್ದೇನೆ, ಬೇಸರಿಸಬೇಡಿ ಅಕ್ಕ. ಅರ್ಧ ಡಜನ್ ಕಳಿಸಿ ಎಂದಿತ್ತು.

"ನಿನ್ನ ಕಾಗದಕ್ಕೆ ಇಷ್ಟು ಮರ್ಯಾದೆ ಹಿಂದೆ ಯಾರೂ ಕೊಟ್ಟಿರಲಿಲ್ಲ ಬಿಡು," ಎಂದರು ಚಿಕ್ಕಪ್ಪ.

ಅವಳ ಕಿವಿ ಕೆಂಪಾಯಿತು. ಹೊಸ ಪ್ಲೇಟಿನ ಪೆಟ್ಟಿಗೆ ಎತ್ತಿಕೊಂಡು ಕತ್ತಲೆ ಕೋಣೆಗೆ ಹೋಗಿ ಅಗುಳಿ ಹಾಕಿ ಕೆಂಪು ದೀಪವನ್ನೂ ಆರಿಸಿದಳು. ಬೆರಳ ತುದಿಯಲ್ಲೇ ಗಾಜಿನ ಅಂಚು ಹುಡುಕುತ್ತ ಎಣಿಸತೊಡಗಿದಳು. ಐದಕ್ಕೆ ಬರುವಷ್ಟರಲ್ಲಿ ಚಿಕ್ಕಪ್ಪ ಬಾಗಿಲು ತಟ್ಟಿದರು. ಅವಳು ತೆರೆಯಲಿಲ್ಲ.