ಅವ್ವನ ಸೋಮವಾರದ ವಿಭೂತಿ

ಜುಲೈ ಏಳು, ಸೋಮವಾರ. ಬೆಳಿಗ್ಗೆಯಿಂದ ಮೋಡ, ಮಳೆಯಿಲ್ಲ. ಅಪ್ಪನ ಹಳೇ ಕಾರಿನಲ್ಲಿ ಅವ್ವನನ್ನು ಬೇಗೂರಿನ ದೇವಸ್ಥಾನಕ್ಕೆ ಕರೆದೊಯ್ಯಬೇಕಿತ್ತು. ಈ ಸಲವೂ ಸ್ಟಾರ್ಟ್ ಆಗದಿದ್ದರೆ ಗುಜರಿಗೆ ಕೊಡುತ್ತೇನೆ ಎಂದಿದ್ದೆ. ಆಗಲಿಲ್ಲ.

ಹೆಬ್ಬಗೋಡಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋದರೆ ಮಾತ್ರ ಅದು ಕೀಲಿ ತಿರುಗಿಸಿದ ಕೂಡಲೇ ಹೊರಡುತ್ತಿತ್ತು. ಸಾಕಾಗಿ ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿದೆ. ಅವನು ಬಾನೆಟ್ ಎತ್ತಿ, ಬ್ಯಾಟರಿಯ ಮೇಲೆ ತಂತಿ ಸಿಕ್ಕಿಸುವ ಎರಡು ಮೊಳೆಗಳನ್ನು ನೋಡಿದ.

"ಮತ್ತೆ ಬಿಳೀ ಪುಡಿ. ಪ್ರತಿ ಸಲ ಮೊದಲು ಇದನ್ನೇ ಉಜ್ತೀನಿ ಸಾರ್. ಹೊಸ ಬ್ಯಾಟರೀಲೂ ಇಷ್ಟು ಉಪ್ಪು ಬರುತ್ತಾ?"

"ಉಪ್ಪಲ್ಲಪ್ಪ, ವಿಭೂತಿ," ಎಂದಳು ಪಕ್ಕದಲ್ಲಿದ್ದ ಅವ್ವ. "ಸೋಮವಾರಕ್ಕೊಮ್ಮೆ ಹಚ್ತೀನಿ."

"ಇಲ್ಲಿ ಯಾಕೆ ಅವ್ವ?" ಎಂದೆ, ಹಲ್ಲು ಕಚ್ಚಿ.

"ಬಸವಣ್ಣನ ಕೋಡಿನಂಗ ಎರಡು ಕಂಡ್ವು. ತಂತಿ ಸಡಿಲಿತ್ತು, ಎತ್ತಿ ಹಚ್ಚಿ ಮತ್ತ ಅಲ್ಲೇ ಇಟ್ಟೆ."

ಮೆಕ್ಯಾನಿಕ್ ನಗು ತಡೆಯಲು ಬಗ್ಗಿದವನು ಏಳಲೇ ಇಲ್ಲ. ಪುಡಿ ಒರೆಸಿ ತಂತಿ ಬಿಗಿದ, ಕಾರು ಹೊರಟಿತು.

ಬೇಗೂರಿನ ದಾರಿಯಲ್ಲಿ ಅವ್ವ ಕೇಳಿದಳು, "ಪಾಪ, ಅವಂಗ ಎಷ್ಟು ಕೊಟ್ಟಿ?"

"ಇವತ್ತು ಏನೂ ತಗೊಳ್ಳಲಿಲ್ಲ. ಹೋದ ತಿಂಗಳು ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್ ಹಾಕಿಸಿದ್ದಕ್ಕೆ ಹದಿನೆಂಟು ಸಾವಿರ."