ಲಾರಿಯವನು ಕರೆತಂದ ಅಂದಿದ್ದೆ

ತಮ್ಮಾ ಸಿದ್ದರಾಜು, ಸುಳ್ಳು ಹೇಳಿದ್ದು ನಾನು. ಎದೆನೋವು ಬಂದು ನಾಲೆ ಏರಿಯ ರಸ್ತೆಯಲ್ಲಿ ಬಿದ್ದಿದ್ದ ನನ್ನನ್ನು ಆಸ್ಪತ್ರೆಗೆ ಸೇರಿಸಿದವನು ಯಾವ ಲಾರಿಯವನೂ ಅಲ್ಲ, ನನ್ನ ತಮ್ಮನಾದ ನೀನು. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ ಅಂದರೆ ನಿನ್ನ ಮೇಲೆ ಪ್ರೀತಿ ಉಕ್ಕಿದೆ ಅಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ.

ಯಾಕೆ ಅನ್ನುವುದು ನಿನಗೆ ಗೊತ್ತು. ಅಪ್ಪ ಇಬ್ಬರ ಕೈಗೂ ಉಳಿ ಕೊಟ್ಟು ಮರಗೆಲಸ ಕಲಿಸಿದ. ನೀನು ಚಿನಕುರಳಿಯಲ್ಲಿ ನನ್ನ ಅಂಗಡಿಯ ಎದುರಿಗೇ ಅಂಗಡಿ ಹಾಕಿ, ಮೆಷಿನ್ನಿನಲ್ಲಿ ಕೊರೆದ ಬಾಗಿಲು ಮಾರಲು ಕುಳಿತೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಊರಿನವರು ಅದಕ್ಕೆ ನಮ್ಮನ್ನೇ ತೋರಿಸುತ್ತಿದ್ದರು. ನನಗೆ ಎದೆನೋವು ಬರುವ ಹೊತ್ತಿಗೆ ಮೂರು ವರ್ಷದಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ.

ಅವತ್ತು ಬೆಳಿಗ್ಗೆ ಪಾಂಡವಪುರದಲ್ಲಿ ಒಂದು ಮನೆಯ ಕಿಟಕಿಗೆ ಅಳತೆ ತೆಗೆಯಲು ಹೊರಟಿದ್ದೆ. ಎದೆಯ ಮೇಲೆ ತೊಲೆ ಇಟ್ಟ ಹಾಗಾಯಿತು, ಎಡಗೈ ಸೋತಿತು, ಬೈಕು ನಿಲ್ಲಿಸಿ ಅಲ್ಲೇ ಕುಸಿದೆ. ಎದುರಿಗೆ ಬಂದವನು ನೀನೇ ಆಗಬೇಕೆ! ಬೈಕಿಗೆ ಕಟ್ಟಿದ್ದ ಪ್ಲೈವುಡ್ಡನ್ನು ರಸ್ತೆ ಬದಿಗೆ ಎಸೆದು, ನನ್ನನ್ನು ಹಿಂದೆ ಕೂರಿಸಿ, ಟವೆಲ್ಲಿನಿಂದ ನಿನ್ನ ಸೊಂಟಕ್ಕೆ ಬಿಗಿದುಕೊಂಡೆ.

"ಕಣ್ ಮುಚ್ಬ್ಯಾಡ ಕಣಣ್ಣ. ಬೈತಾನೇ ಇರು ನನ್ನ," ಅಂದೆ.

ನಾನು ದಾರಿಯುದ್ದಕ್ಕೂ ಬೈದೆ. ಆ ಬೈಗುಳದಲ್ಲಿ ಒಂದೂ ನಟನೆಯಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್, ಕೂಡಲೇ ಮೈಸೂರಿಗೆ ಹೋಗಬೇಕು ಅಂದರು. ನರ್ಸು ನನ್ನ ಹೆಂಡತಿ ಜಯಮ್ಮನಿಗೆ ಫೋನು ಮಾಡಿದಳು. "ಅವ್ಳು ಬರೋದ್ರೊಳಗೆ ಒಂಟೋಗ್ಲಾ," ಅಂದೆ ನಿನಗೆ. ನೀನು ಹೋದೆ. ನಿನ್ನ ಕೈಯಿಂದ ಬದುಕಿದೆ ಅನ್ನಿಸಿಕೊಳ್ಳುವುದು — ಅದಕ್ಕಿಂತ ಸಾಯುವುದೇ ವಾಸಿ ಅನ್ನಿಸಿತ್ತು. ಜಯಮ್ಮ ಅಳುತ್ತಾ ಬಂದು, ಯಾರು ಕರೆತಂದರು ಎಂದು ಕೇಳಿದಳು.

"ಯಾರೋ ಜಲ್ಲಿ ಲಾರಿಯವ್ನು. ನಿನ್ ಮೈದ್ನ ನೋಡ್ಕಂಡೇ ಒಂಟೋದ."

ಮೊದಲ ಸುಳ್ಳೇ ಸಾಕಿತ್ತು. ಎರಡನೆಯದು ಯಾಕೆ ಬಂತೋ — ಇಲ್ಲ, ಗೊತ್ತು. ನಿನ್ನ ಹೆಸರು ಕೆಡಿಸಬೇಕು ಅಂತಲೇ ಬಂತು.

ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ವಾರದಲ್ಲಿ ಮನೆಗೆ ಬಂದೆ. ಅಷ್ಟರಲ್ಲಿ ಮಾತು ಊರೆಲ್ಲ ಸುತ್ತಿತ್ತು. ಅವ್ವ ನಿನ್ನ ಅಂಗಡಿ ಮುಂದೆ ನಿಂತು, ನಿಜವೇನೋ ಅಂದಳಂತೆ. "ಅಣ್ಣನ್ನೇ ಕೇಳವ್ವ," ಅಂದೆಯಂತೆ. ಎಂಥ ಜಂಬ ನಿನಗೆ! ನಿಜ, ನಾನೇ ಹೇಳಬೇಕಿತ್ತು. ಅವ್ವ ಬಂದು ಕೇಳಿದಳು. ಅದೇ ಸುಳ್ಳನ್ನು ಅವಳ ಮುಖ ನೋಡಿಕೊಂಡು ಹೇಳಿದೆ. ಆಮೇಲೆ ಅವಳು ನಿನ್ನ ಹೊಸ್ತಿಲು ತುಳಿಯಲಿಲ್ಲ.

ಹೋದ ವರ್ಷ ಅವ್ವನಿಗೆ ಕೊನೆಯುಸಿರು ಬಂದಾಗ ಬಾಯಿಗೆ ನೀರು ಬಿಡಲು ಲೋಟ ಹಿಡಿದು ಬಂದೆ ನೀನು. ಅವಳು ಮುಖ ತಿರುಗಿಸಿದಳು.

"ಒಡುಟ್ಟಿದೋನ್ನ ರೋಡಲ್ ಬುಟ್ಟೋದ ಕೈ ಅದು. ಬ್ಯಾಡ."

ನೀನು ನನ್ನನ್ನೇ ನೋಡಿದೆ. 'ಅವ್ವಾ, ನನ್ನ ಉಳಿಸಿದ್ದೇ ಅವನು' — ಇಷ್ಟು ಸಾಕಿತ್ತು. ನಾನು ಬಾಯಿ ತೆರೆಯಲಿಲ್ಲ. ನೀನು ಲೋಟ ಇಟ್ಟು ಹೊರಗೆ ಹೋದೆ. ಆ ಲೋಟದ ನೀರನ್ನೇ ನಾನು ಬಿಟ್ಟೆ. ಅವ್ವ ನುಂಗಿದಳು, ನನ್ನ ತಲೆ ಸವರಲು ಕೈ ಎತ್ತಿದಳು.

ಬರುವ ಸೋಮವಾರ ಅವಳ ವರ್ಷದ ತಿಥಿ. ನೀನೂ ಬಾ ಅನ್ನಲು ನನಗೆ ಮುಖವಿಲ್ಲ. ನೆಂಟರೆಲ್ಲ ಕೂತಿರುವಾಗ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ಕೇಳಬೇಕಾಗಿದ್ದವಳು ಮಾತ್ರ ಇರುವುದಿಲ್ಲ.